ಬಾತ್: ಊರಿಗೆ ಕಾಲು, ಹಳ್ಳಿಗೆ ಸೈಕಲ್

ಇಂಗ್ಲೆಂಡಿನ ಬಾತ್ ನಗರದಲ್ಲಿ ಎರಡು ದಿನ ಇರುತ್ತೀರಿ, ಸೈಕಲ್ ಬಾಡಿಗೆಗೆ ಪಡೆಯಬೇಕೇ, ನಡೆದರೆ ಸಾಕೇ ಎಂದು ಕೇಳಿದ್ದೀರಿ. ಊರೊಳಗೆ ಸೈಕಲ್ ಬೇಡವೇ ಬೇಡ. ಬಾತ್ ಬೋಗುಣಿಯಂಥ ಊರು. ತಳದಲ್ಲಿ ಏವನ್ ನದಿ, ಸುತ್ತ ದಿಣ್ಣೆ. 1774ರಲ್ಲಿ ಮುಗಿದ ರಾಯಲ್ ಕ್ರೆಸೆಂಟ್ ಎಂಬ ಅರ್ಧಚಂದ್ರಾಕಾರದ ಮನೆಸಾಲಿನ ತನಕ ಏರುವಾಗ ಸೈಕಲ್ಲನ್ನು ನೀವೇ ತಳ್ಳಬೇಕಾದೀತು. ಅಂಗಡಿಗಳನ್ನೇ ಹೊತ್ತು ನಿಂತ ಪುಲ್ಟ್ನಿ ಸೇತುವೆಯಿಂದ ಹೊರಟು ನಿಧಾನವಾಗಿ ನಡೆಯಿರಿ. ಜೇನುಬಣ್ಣದ ಕಲ್ಲಿನ ಕಟ್ಟಡಗಳ ಮೇಲೆ ಇಳಿಬಿಸಿಲು ಬೀಳುವುದನ್ನು ನೋಡಲು ಸಂಜೆಯೇ ಸರಿಯಾದ ಹೊತ್ತು.

ಎರಡನೆಯ ದಿನ ಮಾತ್ರ ಸೈಕಲ್ ಪಡೆಯಿರಿ. 2013ರಲ್ಲಿ ತೆರೆದ 'ಟೂ ಟನಲ್ಸ್' ಹಾದಿ ಹಳೆಯ ರೈಲುದಾರಿಯ ಮೇಲೆಯೇ ಸಾಗುತ್ತದೆ, ಹಾಗಾಗಿ ಏರು ಸೌಮ್ಯ. ಎರಡನೆಯ ಸುರಂಗ ಕೂಮ್ ಡೌನ್ ಒಂದು ಮೈಲಿಗಿಂತ ಉದ್ದ. ಒಳಗೆ ಮಂದ ದೀಪಗಳಿವೆ, ನಡುವೆ ಸಂಗೀತವೂ ಕೇಳಿಸುತ್ತದೆ. ಆದರೆ ಬೇಸಿಗೆಯಲ್ಲೂ ಚಳಿ; ನಾನು ಬರಿಯ ಅಂಗಿಯಲ್ಲಿ ಹೋಗಿ ಹಲ್ಲು ಕಡಿದುಕೊಂಡು ಹೊರಬಂದೆ. ಸ್ವೆಟರ್ ಮರೆಯಬೇಡಿ.

ಮಿಡ್‌ಫರ್ಡ್ ಹಳ್ಳಿ ದಾಟಿದ ಮೇಲೆ ಸ್ವಲ್ಪ ದೂರ ವಾಹನಗಳ ರಸ್ತೆ, ಎಚ್ಚರ. ಆಮೇಲೆ ಡಂಡಾಸ್ ಮೇಲ್ಗಾಲುವೆ: ನದಿಯ ಮೇಲೆ ಸೇತುವೆ, ಆ ಸೇತುವೆಯ ಮೇಲೆ ನೀರು, ನೀರಿನಲ್ಲಿ ದೋಣಿ! ಅಲ್ಲಿಂದ ಕೆನೆಟ್–ಏವನ್ ಕಾಲುವೆಯ ದಂಡೆ ಹಿಡಿದರೆ ನೇರ ಬಾತ್. ಒಟ್ಟು ಸುಮಾರು 21 ಕಿಲೋಮೀಟರ್. ದಂಡೆ ಕಿರಿದು, ನಡೆಯುವವರಿಗೆ ಮೊದಲ ಹಕ್ಕು. ಗಂಟೆ ಬಾರಿಸಿ, ವೇಗ ತಗ್ಗಿಸಿ. ಮಳೆ ಬಂದಿದ್ದರೆ ಕೆಸರಿಗೂ ಸಿದ್ಧರಾಗಿರಿ.