ಕ್ಯಾಥೊಲಿಕರ ‘ಆಗಮನ ಕಾಲ’ ಅಂದರೆ ಏನು? ನಾಲ್ಕು ಮೇಣದಬತ್ತಿಗಳಲ್ಲಿ ಒಂದು ಮಾತ್ರ ಗುಲಾಬಿ ಬಣ್ಣದ್ದು ಯಾಕೆ?

ಒಂದೇ ಮಾತಲ್ಲಿ ಹೇಳಿದರೆ, ಯೇಸುವಿನ ಬರವಿಗೆ ಕಾಯುವ ಕಾಲ. ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಶುರುವಾಗಿ ಡಿಸೆಂಬರ್ 24ರ ಸಂಜೆ ಮುಗಿಯುತ್ತದೆ. ಚರ್ಚಿನ ಹೊಸ ವರ್ಷ ಶುರುವಾಗುವುದೂ ಆ ಭಾನುವಾರದಿಂದಲೇ.

ಸುಮ್ನೆ ಹಬ್ಬದ ತಯಾರಿ ಅಂದುಕೊಳ್ಳಬೇಡಿ. ಮೊದಲ ದಿನಗಳಲ್ಲಿ ಯೇಸು ಕೊನೆಗಾಲದಲ್ಲಿ ಮತ್ತೆ ಬರುವುದರ ಬಗ್ಗೆಯೇ ಜಾಸ್ತಿ ಧ್ಯಾನ. ಡಿಸೆಂಬರ್ 17ರಿಂದ ಮನಸ್ಸು ಯೇಸು ಹುಟ್ಟಿದ ಬೆತ್ಲೆಹೇಮಿನ ಕಡೆ ತಿರುಗುತ್ತದೆ. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಡುತ್ತಾರೆ. ಭಾನುವಾರದ ಪೂಜೆಯಲ್ಲಿ ‘ಗ್ಲೋರಿಯಾ’ ಇರುವುದಿಲ್ಲ. ಅದು ಯೇಸು ಹುಟ್ಟಿದ ರಾತ್ರಿ ದೇವದೂತರು ಹಾಡಿದ ಹಾಡು ಅಲ್ವಾ? ನಾಲ್ಕು ವಾರ ಬಿಟ್ಟು ಕ್ರಿಸ್ಮಸ್ ರಾತ್ರಿ ಅದನ್ನು ಕೇಳಿದಾಗ ಮೈ ಜುಮ್ಮೆನ್ನುತ್ತದೆ.

ಮೂರನೇ ಭಾನುವಾರದ ಹೆಸರು ‘ಗೌದೇತೆ’. ಲ್ಯಾಟಿನ್‌ನಲ್ಲಿ ‘ಸಂತೋಷಪಡಿ’ ಎಂದರ್ಥ. ಭಾನುವಾರಕ್ಕೊಂದರಂತೆ ಹಚ್ಚುವ ನಾಲ್ಕು ಬತ್ತಿಗಳಲ್ಲಿ, ಅರ್ಧ ದಾರಿ ದಾಟಿದ ಖುಷಿಗೆ ಅಂದು ಗುಲಾಬಿ ಬತ್ತಿ. ಬತ್ತಿಗಳನ್ನಿಡುವ ಈ ಹಸಿರು ಚಕ್ರ ಬಂದದ್ದು ಜರ್ಮನಿಯ ಪ್ರೊಟೆಸ್ಟೆಂಟರಿಂದ. 1839ರಲ್ಲಿ ಹ್ಯಾಂಬರ್ಗ್‌ನ ಪಾದ್ರಿ ವಿಖೆರ್ನ್ ಬಡ ಮಕ್ಕಳಿಗೆ ಹಬ್ಬದ ದಿನ ಎಣಿಸಲೆಂದು ಗಾಡಿಯ ಚಕ್ರದ ಮೇಲೆ ಬತ್ತಿ ಇಟ್ಟರು.

ಮಂಗಳೂರು ಕಡೆ ಈ ದಿನಗಳಲ್ಲಿ ಕುಸ್ವಾರ್ ತಿಂಡಿಗಳ ಘಮ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಸಡಗರ. ಗೋದಲಿ ಸಿದ್ಧವಾದರೂ ಹಲವು ಮನೆಗಳಲ್ಲಿ ಬಾಲಯೇಸುವನ್ನು ಇಡುವುದು 24ರ ರಾತ್ರಿಯೇ.