ಸೇನೆಯ ಹಿಡಿತದಲ್ಲಿರುವ ನಾಡಿನಲ್ಲಿ ಸತ್ತವರ ಲೆಕ್ಕವನ್ನು ನಂಬುವುದು ಹೇಗೆ?

ಪ್ರಶ್ನೆ: ಪರದೇಶದ ಸೇನೆಯ ವಶದಲ್ಲಿರುವ ಪ್ರದೇಶಕ್ಕೆ ಹೊರಗಿನ ಪತ್ರಕರ್ತರು ಹೋಗುವುದೇ ಕಷ್ಟ. ಹೀಗಿರುವಾಗ, ಅಲ್ಲಿನ ಕೊಲೆಗಳ ಬಗ್ಗೆ ಮಾನವ ಹಕ್ಕು ಸಂಘಟನೆಗಳು ಕೊಡುವ ಸಂಖ್ಯೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಸಂಖ್ಯೆ ದೊಡ್ಡದೋ ಚಿಕ್ಕದೋ ಎನ್ನುವುದಕ್ಕಿಂತ ಅದನ್ನು ಹೇಗೆ ಕಲೆಹಾಕಿದರು ಎಂಬುದನ್ನು ಮೊದಲು ನೋಡಬೇಕು. 1975ರಿಂದ 1999ರವರೆಗೆ ಇಂಡೊನೇಷ್ಯಾದ ವಶದಲ್ಲಿದ್ದ, ಆಗ್ನೇಯ ಏಷ್ಯಾದ ಪುಟ್ಟ ನಾಡು ಪೂರ್ವ ಟಿಮೋರ್ ಇದಕ್ಕೆ ಒಳ್ಳೆಯ ಉದಾಹರಣೆ.

1991ರ ನವೆಂಬರ್ 12ರಂದು ರಾಜಧಾನಿ ದಿಲಿಯ ಸಾಂತಾ ಕ್ರೂಜ್ ಸ್ಮಶಾನದಲ್ಲಿ, ಹತನಾದ ಯುವಕನೊಬ್ಬನ ಸ್ಮರಣೆಗೆ ಸೇರಿದ್ದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು. ಬ್ರಿಟನ್ನಿನ ಪತ್ರಕರ್ತ ಮ್ಯಾಕ್ಸ್ ಸ್ಟಾಲ್ ಅದನ್ನು ಚಿತ್ರೀಕರಿಸಿ, ಟೇಪುಗಳನ್ನು ಅಲ್ಲಿಯೇ ಸಮಾಧಿಯೊಂದರಲ್ಲಿ ಹೂತಿಟ್ಟು, ಆಮೇಲೆ ಹೊರತೆಗೆದು ದೇಶದಾಚೆಗೆ ತಲುಪುವಂತೆ ಮಾಡಿದರು. ಗುಂಡು ಹಾರಿಸಿದ್ದನ್ನು ಅಲ್ಲಗಳೆಯಲು ಆ ಮೇಲೆ ಸಾಧ್ಯವಾಗಲಿಲ್ಲ. ಆದರೆ ಸತ್ತವರೆಷ್ಟು ಎಂಬುದಕ್ಕೆ ಆ ಚಿತ್ರದಲ್ಲಿ ಉತ್ತರವಿರಲಿಲ್ಲ. ಸೇನೆ ಮೊದಲು 19 ಎಂದಿತು, ಸರ್ಕಾರದ ತನಿಖಾ ಆಯೋಗ ಸುಮಾರು 50 ಎಂದಿತು, ಟಿಮೋರ್ ಪರ ಕಾರ್ಯಕರ್ತರು 271 ಹೆಸರುಗಳ ಪಟ್ಟಿಯನ್ನೇ ಮುಂದಿಟ್ಟರು. ನನ್ನ ದೃಷ್ಟಿಯಲ್ಲಿ ಹೆಸರುಗಳ ಪಟ್ಟಿಗೆ ಹೆಚ್ಚು ತೂಕವಿದೆ, ಏಕೆಂದರೆ ಅದರಲ್ಲಿನ ಒಬ್ಬರು ಬದುಕಿದ್ದರೆ ಆ ತಪ್ಪನ್ನು ಯಾರು ಬೇಕಾದರೂ ತೋರಿಸಿಕೊಡಬಹುದು. ಬರೀ ಅಂಕಿಯನ್ನು ಹಾಗೆ ಪರೀಕ್ಷಿಸಲಾಗುವುದಿಲ್ಲ.

ಇಡೀ ಅವಧಿಯ ಲೆಕ್ಕ ಇನ್ನೂ ಕಠಿಣವಾಗಿತ್ತು. ಸ್ವಾತಂತ್ರ್ಯದ ಸಮಯದಲ್ಲಿ ರಚನೆಯಾಗಿ 2005ರಲ್ಲಿ ವರದಿ ಕೊಟ್ಟ ಸತ್ಯಶೋಧನಾ ಆಯೋಗವು 7,600ಕ್ಕೂ ಹೆಚ್ಚು ಹೇಳಿಕೆಗಳನ್ನು ದಾಖಲಿಸಿಕೊಂಡಿತು. ಹೇಳಿಕೆಗಳನ್ನು ಸುಮ್ಮನೆ ಕೂಡಿದರೆ ಎರಡು ಬಗೆಯ ದೋಷ ಬರುತ್ತದೆ: ಒಂದೇ ಸಾವನ್ನು ಅಣ್ಣನೂ ನೆರೆಯವರೂ ಬೇರೆ ಬೇರೆಯಾಗಿ ಹೇಳಿದಾಗ ಅದು ಎರಡಾಗುತ್ತದೆ, ಹೇಳಲು ಯಾರೂ ಉಳಿಯದ ಕುಟುಂಬದ ಸಾವುಗಳು ಲೆಕ್ಕಕ್ಕೇ ಸಿಗುವುದಿಲ್ಲ. ಹೀಗಾಗಿ ಆಯೋಗವು ಸ್ಮಶಾನಗಳ ಸಮಾಧಿಗಳನ್ನು ಎಣಿಸಿತು, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆಯ್ದ ಮನೆಗಳಲ್ಲಿ ಸಮೀಕ್ಷೆಯನ್ನೂ ನಡೆಸಿ, ಈ ಮೂರು ಮೂಲಗಳನ್ನು ಒಂದಕ್ಕೊಂದು ತಾಳೆ ನೋಡಿತು. ಸಂಘರ್ಷದಿಂದಾದ ಸಾವುಗಳು ಕನಿಷ್ಠ 1,02,800, ಇದರಲ್ಲಿ 12,000ದಷ್ಟು ಹೆಚ್ಚುಕಡಿಮೆಯಾಗಬಹುದು ಎಂಬುದು ಅದರ ಅಂದಾಜು. ಇವುಗಳಲ್ಲಿ ಕೊಲೆ ಮತ್ತು ಕಣ್ಮರೆಯ ಪ್ರಕರಣಗಳು ಸುಮಾರು 18,600. ಉಳಿದವರು ಹಸಿವು, ಕಾಯಿಲೆಗಳಿಂದ ಸತ್ತವರು. ಹೋರಾಟಗಾರರ ನಡುವೆ ಎರಡು ಲಕ್ಷದ ಮಾತು ಓಡಾಡುತ್ತಿದ್ದರೂ ಆಯೋಗ ಅದನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಪ್ರತಿರೋಧ ಪಡೆಗಳು ಮಾಡಿದ ಕೊಲೆಗಳನ್ನೂ ಬಚ್ಚಿಡಲಿಲ್ಲ.

ಆದ್ದರಿಂದ ಯಾವುದೇ ವರದಿ ಕೈಗೆ ಬಂದಾಗ, ಕಣ್ಣಾರೆ ಕಂಡದ್ದನ್ನೂ ಕಿವಿಗೆ ಬಿದ್ದದ್ದನ್ನೂ ಬೇರೆಬೇರೆಯಾಗಿ ಬರೆದಿದ್ದಾರೆಯೇ, ಹೆಚ್ಚುಕಡಿಮೆಯ ಮಿತಿಯನ್ನು ಹೇಳಿದ್ದಾರೆಯೇ, ತಮಗೆ ಒಲವಿರುವ ಪಕ್ಷದ ಕೃತ್ಯಗಳನ್ನೂ ದಾಖಲಿಸಿದ್ದಾರೆಯೇ ಎಂದು ನೋಡಿ. ಸಾಕ್ಷಿಗಳ ಹೆಸರು ಮುಚ್ಚಿಟ್ಟಿದ್ದಾರೆ ಎಂಬ ಕಾರಣಕ್ಕೇ ವರದಿಯನ್ನು ಅನುಮಾನಿಸಬೇಡಿ. ಆ ಸಾಕ್ಷಿಗಳು ಇನ್ನೂ ಅದೇ ಸೇನೆಯ ಕಣ್ಣೆದುರಿನಲ್ಲೇ ಬಾಳುತ್ತಿರುತ್ತಾರೆ.