ಜೊತೆಗಾರರಿಲ್ಲದ ಭಾನುವಾರ

ಪ್ರಶ್ನೆ: ನನಗೆ 66 ವರ್ಷ, ಮೈಸೂರಿನವನು. ನಾಲ್ಕು ಜನ ಗೆಳೆಯರು ಭಾನುವಾರ ಸೈಕಲ್ಲಿನಲ್ಲಿ ಶ್ರೀರಂಗಪಟ್ಟಣಕ್ಕೋ ನಂಜನಗೂಡಿಗೋ ಹೋಗಿ ತಿಂಡಿ ತಿಂದು ಬರುತ್ತಿದ್ದೆವು. ಒಬ್ಬ ಮಗನ ಜೊತೆ ಅಮೆರಿಕಕ್ಕೆ ಹೋದ. ಒಬ್ಬನಿಗೆ ಮಂಡಿ ಆಪರೇಷನ್ ಆಯಿತು. ಇನ್ನೊಬ್ಬ ಹೋದ ವರ್ಷ ತೀರಿಕೊಂಡ, ಅವನ ಸೈಕಲ್ ತಗೊಂಡು ಹೋಗಿ ಅಂತ ಅವನ ಹೆಂಡತಿ ಹೇಳುತ್ತಿದ್ದಾರೆ. ಒಬ್ಬನೇ ಹೋದರೆ ಬೇಜಾರು, ಸ್ಪೀಡೂ ಇಲ್ಲ. ಹುಡುಗರ ಗುಂಪು ಸೇರಿದೆ, ಹಿಂದೆ ಬಿದ್ದೆ. ಮನೆಯವಳಿಗೆ ಭಯ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಸರ್.

ಮೊದಲು ಸ್ಪೀಡಿನ ಮಾತು. ವಯಸ್ಸಿಗೆ ಸ್ವಲ್ಪ ಇಳಿಯೋದು ನಿಜ. ಆದರೆ ನಾಲ್ಕು ಜನ ಸಾಲಾಗಿ ಹೋಗುವಾಗ ಮುಂದಿನವರು ಗಾಳಿ ತಡೆಯುತ್ತಾರೆ, ಹಿಂದಿನವರಿಗೆ ತುಳಿಯೋದು ಹಗುರ. ಈಗ ಅಷ್ಟೂ ಗಾಳಿ ನಿಮ್ಮೊಬ್ಬರ ಎದೆಗೇ ಹೊಡೆಯುತ್ತೆ. ಅದನ್ನೂ ಮುಪ್ಪಿನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಹುಡುಗರ ಗುಂಪು ಬಿಡಿ, ಅವರ ಕಣ್ಣೆಲ್ಲ ಸ್ಪೀಡ್ ತೋರಿಸುವ ಆ್ಯಪಿನ ಮೇಲೆ. ನಿಮಗೆ ಬೇಕಾಗಿರೋದು ತಿಂಡಿ ಮುಗಿದ ಮೇಲೂ ಎದ್ದು ಹೋಗದೆ ಕೂತು ಮಾತಾಡುವವರು.

ತೀರಿಕೊಂಡ ಗೆಳೆಯರ ಸೈಕಲ್ ವಿಷಯ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ, ನನಗೆ ಮಾತ್ರ ನಿಮ್ಮ ಸಂಕಟವೆಲ್ಲ ಅಲ್ಲೇ ಇದೆ ಅನಿಸಿತು. ಹೋಗಿ ಸರ್, ಈ ವಾರವೇ ಹೋಗಿ. ನಿಂತ ಸೈಕಲ್ಲಿನ ಗಾಳಿ ತಾನಾಗೇ ಇಳಿಯುತ್ತೆ, ಚಪ್ಪಟೆ ಟೈರಿನ ಮೇಲೆ ಭಾರ ಬಿದ್ದು ಬಿರುಕು ಬಿಡುತ್ತೆ, ಒಂದು ಮಳೆಗಾಲ ಕಳೆದರೆ ಚೈನು ತುಕ್ಕು. ಆ ಮನೆಯವರು ಅದನ್ನು ದಿನಾ ದಾಟಿಕೊಂಡೇ ಓಡಾಡಬೇಕು, ಅಲ್ವಾ? ಸೈಕಲ್ ನೆಪದಲ್ಲಿ ಗಂಡನ ಬಗ್ಗೆ ನಿಮ್ಮ ಹತ್ತಿರ ನಾಲ್ಕು ಮಾತಾಡಬೇಕು ಅಂತಲೂ ಅವರಿಗೆ ಇರಬಹುದು. ಕಾಫಿ ಕೊಟ್ಟರೆ ಕೂತು ಕುಡಿಯಿರಿ, ಗೆಳೆಯರ ಬಗ್ಗೆ ನಿಮಗೆ ಗೊತ್ತಿರೋದನ್ನೆಲ್ಲ ಹೇಳಿ. ಸೀಟು ಗೆಳೆಯರ ಕಾಲಿನ ಅಳತೆಗೆ ಇರುತ್ತೆ. ಏರಿಸುವ, ಇಳಿಸುವ ಮುಂಚೆ ಆ ಎತ್ತರಕ್ಕೆ ಒಂದು ಟೇಪ್ ಸುತ್ತಿ ಗುರುತು ಮಾಡಿ. ಮುಂದೆ ಅವರ ಮನೆಯವರೇ ಯಾರಾದರೂ ಕೇಳಿದರೆ ಹಾಗೇ ವಾಪಸ್ ಕೊಡಬಹುದು.

ಮಂಡಿ ಆಪರೇಷನ್ ಆದವರು ಸ್ಕೂಟರಿನಲ್ಲೋ ಬಸ್ಸಿನಲ್ಲೋ ತಿಂಡಿ ಹೋಟೆಲಿಗೆ ಬರಲಿ, ನೀವು ತುಳಿದುಕೊಂಡು ಹೋಗಿ. ಮಂಡಿ ಬದಲಿಸಿದವರಿಗೆ ಫಿಸಿಯೋಥೆರಪಿಯಲ್ಲೂ ಒಂದೇ ಕಡೆ ನಿಂತಿರೋ ಸೈಕಲ್ ತುಳಿಸುತ್ತಾರೆ, ಡಾಕ್ಟರ್ ಒಪ್ಪಿದರೆ ಮನೆ ಹತ್ತಿರದ ಸಪಾಟು ರಸ್ತೆಯಲ್ಲಿ ಇಬ್ಬರೂ ಒಂದು ಸುತ್ತು ಹಾಕಬಹುದು. ಅಮೆರಿಕದವರಿಗೆ ಅಲ್ಲಿ ಶನಿವಾರ ಸಂಜೆಯೋ ರಾತ್ರಿಯೋ ಆಗಿರುತ್ತೆ, ಹೋಟೆಲಿಂದಲೇ ವಿಡಿಯೋ ಕಾಲ್ ಮಾಡಿ.

ಮನೆಯವರ ಭಯ ಸುಮ್ನೆ ಅಲ್ಲ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಸೈಕಲ್ ಬಿಡಲ್ಲ, ಸರ್ವಿಸ್ ರೋಡಿನಲ್ಲಿ ಎದುರಿಗೇ ಬೈಕ್ ನುಗ್ಗುತ್ತೆ. ಬೆಳಕು ಹರಿದ ಮೇಲೆ ಹೊರಡಿ, ಚಾಮುಂಡಿ ಬೆಟ್ಟದ ಕಡೆಗಂತೂ ಕತ್ತಲಲ್ಲಿ ಒಬ್ಬರೇ ಬೇಡವೇ ಬೇಡ, ಚಿರತೆ ಓಡಾಡುವ ಜಾಗ. ಹಿಂದೆ ಕೆಂಪು ಲೈಟು, ಹ್ಯಾಂಡಲ್ಲಿಗೆ ಕನ್ನಡಿ, ಜೇಬಿನಲ್ಲಿ ಹೆಸರು, ರಕ್ತದ ಗುಂಪು, ತಗೊಳ್ಳುವ ಮಾತ್ರೆ, ಮನೆ ನಂಬರ್ ಬರೆದ ಚೀಟಿ. ಫೋನಿನ ಲೊಕೇಶನ್ ಮನೆಯವರಿಗೆ ಕಾಣೋ ಹಾಗಿರಲಿ. ಒಮ್ಮೆ ಹೃದಯದ ಡಾಕ್ಟರಿಗೆ ತೋರಿಸಿ, ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಕೇಳಬೇಕಾದ್ದನ್ನು ಅವರೇ ಕೇಳಲಿ. ಅಷ್ಟಾದ ಮೇಲೂ ಒಪ್ಪದಿದ್ದರೆ, ಎಲ್ಲಿವರೆಗೆ ಹೋದರೆ ನಿನಗೆ ಸಮಾಧಾನ ಅಂತ ಅವರನ್ನೇ ಕೇಳಿ, ಸದ್ಯಕ್ಕೆ ಅಷ್ಟೇ ದೂರ ಹೋಗಿಬನ್ನಿ.